ಕತ್ತಲ ದುರ್ಬೀನು

ಮೌನಪ್ಪಜ್ಜನ ಆಶ್ರಮ ಹೊಳೆಯ ದಂಡೆಗಿತ್ತು. ಹೆಸರು ಮೌನಪ್ಪನಾದರೂ ಅಜ್ಜ ಮಾತಿಗೆ ಕಡಿಮೆಯವನಲ್ಲ. ಕಾವಿ ಉಡುವ ಮೊದಲು ಇಪ್ಪತ್ತು ವರ್ಷ ಲಾರಿ ಓಡಿಸಿದವನು. ಆದರೆ ಶಿಷ್ಯ ಚನ್ನಮಲ್ಲನನ್ನು ಮೊಸಳೆ ಎಳೆದೊಯ್ದ ಮೇಲೆ ಹನ್ನೊಂದು ದಿನ ಅವನ ಬಾಯಿಂದ ಒಂದು ಮಾತೂ ಹೊರಟಿರಲಿಲ್ಲ.

ಉಳಿದ ಶಿಷ್ಯ ಗದಿಗೆಯ್ಯ ಒಬ್ಬನೇ. ಚನ್ನಮಲ್ಲನೂ ಅವನೂ ಒಂಬತ್ತು ವರ್ಷ ಒಂದೇ ಕೋಣೆಯಲ್ಲಿ ಮಲಗಿದವರು.

ಅಜ್ಜನ ಪೂಜೆಗೆ ಅಗ್ಗಣಿ, ಅಂದರೆ ಹಕ್ಕಿಪಕ್ಕಿ ಮುಟ್ಟದ ನೀರು, ನಸುಕಿನಲ್ಲೇ ಹೊಳೆಯಿಂದ ಬರಬೇಕು. ಒಬ್ಬ ಕೊಡ ಹಿಡಿದು ಇಳಿಯುವುದು, ಇನ್ನೊಬ್ಬ ಮೆಟ್ಟಿಲ ಮೇಲೆ ನಿಂತು ಮೊಸಳೆ ಇದೆಯೇ ಎಂದು ನೋಡುವುದು. ಅದಕ್ಕೆಂದೇ ಭಕ್ತರೊಬ್ಬರು ಕೊಟ್ಟ ನೈಟ್ ವಿಷನ್ ದುರ್ಬೀನು ಇತ್ತು. ಅಗ್ಗದ ಮಾಲು. ಡಬ್ಬಿಯ ಮೇಲೆ ಮುನ್ನೂರು ಮೀಟರ್ ಎಂದು ಬರೆದಿತ್ತು, ನಲವತ್ತು ಕಂಡರೆ ಪುಣ್ಯ.

ಚನ್ನಮಲ್ಲ ಹೋದ ದಿನ ನೋಡುವ ಪಾಳಿ ಗದಿಗೆಯ್ಯನದಾಗಿತ್ತು.

ಹನ್ನೆರಡನೆಯ ನಸುಕಿಗೆ ಅಜ್ಜ ಮೆಟ್ಟಿಲಿಗೆ ಬಂದ. ಎಂದಿನಂತೆ ಹೊಳೆಯ ಮೇಲೆ ಮಂಜು ಕವಿದಿತ್ತು. ಗದಿಗೆಯ್ಯ ದುರ್ಬೀನಿಗೆ, ಅದರದೇ ದೀಪ ಸಾಲದೆಂದು, ಇನ್ನೊಂದು ದೀಪ ಇಟ್ಟು ಟೇಪು ಸುತ್ತುತ್ತಿದ್ದ. ಮನುಷ್ಯರ ಕಣ್ಣಿಗೆ ಕಾಣದ, ದುರ್ಬೀನಿಗಷ್ಟೇ ಕಾಣುವ ಬೆಳಕಿನ ದೀಪ.

"ಏನ್ ಮಾಡಾಕತ್ತಿ?"

"ಇದನ್ನ ಸುದ್ದ ಮಾಡಾಕತ್ತೀನ್ರಿ ಅಜ್ಜಾರ. ಇದು ಬರೋಬರಿ ಇದ್ದಿದ್ರ ಚನ್ನಮಲ್ಲ ಉಳೀತಿದ್ದ."

"ಈಗ ಏನ್ ಕಾಣತೈತಿ?"

"ಬರೇ ಬೆಳ್ಳಗೈತ್ರಿ. ಸುಣ್ಣದ ಗ್ವಾಡಿ ಇದ್ದಂಗ."

ಅಜ್ಜ ದುರ್ಬೀನು ಇಸಿದುಕೊಂಡು ಮೊದಲು ಗಾಜು ನೋಡಿದ. ವಿಭೂತಿ ಹಚ್ಚಿಕೊಂಡ ಬೆರಳಲ್ಲೇ ದಿನಾ ಹಿಡಿದು ಹಿಡಿದು ಗಾಜಿನ ತುಂಬ ವಿಭೂತಿ ಮೆತ್ತಿತ್ತು.

"ಇದಕ್ಕೂ ದೀಕ್ಷಾ ಕೊಟ್ಟೀಯೇನೋ?" ಎನ್ನುತ್ತ ಮೆತ್ತನೆಯ ಬಟ್ಟೆಯಿಂದ ಒರೆಸಿದ.

ಗದಿಗೆಯ್ಯನಿಗೆ ನಗು ಬರಲಿಲ್ಲ.

ಅಜ್ಜ ಟೇಪು ಬಿಚ್ಚಿದ. ದೀಪವನ್ನು ಒಯ್ದು ಹತ್ತು ಹೆಜ್ಜೆ ಆಚೆ ಇಟ್ಟ. ದುರ್ಬೀನಿನ ಸ್ವಂತ ದೀಪವನ್ನು ಆರಿಸಿದ.

"ಮಂಜಿನಾಗ ಕಣ್ಣಿನ ಮಗ್ಗಲಕ್ಕ ದೀಪ ಹಚ್ಚಿದ್ರ ಮಂಜು ಕಾಣತೈತಿ, ದಾರಿ ಕಾಣಂಗಿಲ್ಲ. ಲಾರ್ಯಾಗ ಕಲ್ತದ್ದು."

ಕೊನೆಗೆ ಒಳಗಿನ ಪರದೆಯ ಬೆಳಕು ತಗ್ಗಿಸಿ, "ನಿನ್ನ ಕಣ್ಣು ಕುಕ್ಕೂದು ಇದು. ಈಗ ನೋಡು" ಎಂದ.

ಗದಿಗೆಯ್ಯ ನೋಡಿದ. ಬಿಳಿಗೋಡೆ ಕರಗಿತ್ತು. ನೀರಿನ ಸುಕ್ಕು, ತೇಲುವ ಕಟ್ಟಿಗೆ, ನೂರು ಮೀಟರ್ ಆಚೆಯ ಬಂಡೆ, ಎಲ್ಲ ಕಂಡವು. ಎರಡು ನಿಮಿಷದ ಕೆಲಸ! ಹನ್ನೆರಡು ದಿನದ ಹಿಂದೆಯೇ ಮಾಡಬಹುದಿತ್ತಲ್ಲ. ಕೂತಲ್ಲೇ ಅತ್ತುಬಿಟ್ಟ.

ಅಜ್ಜ ದುರ್ಬೀನಿನ ಕಡೆ ಬೆರಳು ತೋರಿಸಿ ಕೇಳಿದ.

"ಅವತ್ತೂ ಬೆಳ್ಳಗ ಕಾಣತಿತ್ತೇನು?"

"ಹೂಂ ರೀ."

"ಅಂವ ಕೇಳಿದಾಗ ಏನಂದಿ?"

ಈ ಮಾತನ್ನು ಗದಿಗೆಯ್ಯ ಪೊಲೀಸರಿಗೂ ಹೇಳಿರಲಿಲ್ಲ.

"'ಏನೂ ಇಲ್ಲ, ಇಳಿ' ಅಂದೆ ರೀ."

ಅಜ್ಜ ಕೊಡ ತೆಗೆದುಕೊಂಡು ತಾನೇ ಮೆಟ್ಟಿಲು ಇಳಿಯತೊಡಗಿದ. ಎಪ್ಪತ್ತು ದಾಟಿದ ಕಾಲು, ಪಾಚಿಗಟ್ಟಿದ ಕಲ್ಲು.

"ಅಜ್ಜಾರ, ಬ್ಯಾಡ್ರಿ!"

"ನೋಡಿ ಹೇಳು. ಐತೋ, ಇಲ್ಲೋ?"

ಗದಿಗೆಯ್ಯ ದುರ್ಬೀನು ಎತ್ತಿದ. ಎಡದಿಂದ ಬಲಕ್ಕೆ ನೋಡಿದ, ಬಲದಿಂದ ಎಡಕ್ಕೆ ನೋಡಿದ. ಮೊಸಳೆಯ ತಲೆ ಎಲ್ಲೂ ಕಾಣಲಿಲ್ಲ. 'ಇಲ್ಲ' ಎನ್ನುವ ಮಾತು ನಾಲಿಗೆಯ ತುದಿಗೆ ಬಂತು.

ಅಜ್ಜನ ಕಾಲಿಗೂ ನೀರಿಗೂ ನಡುವೆ ಇನ್ನೊಂದೇ ಮೆಟ್ಟಿಲು.

"ನೂರು ಮೀಟರ್ ತನಕ ನೀರಿನ ಮ್ಯಾಲ ಏನೂ ಕಾಣವಲ್ದು ರೀ," ಎಂದು ಗದಿಗೆಯ್ಯ ಕೂಗಿದ. "ನೀರಿನ ಒಳಗ ಏನೈತೋ ನನಗ ಗೊತ್ತಿಲ್ರಿ. ಗೊತ್ತಿಲ್ಲ ಅಜ್ಜಾರ!"

ಅಜ್ಜ ನಿಂತ. ನಿಧಾನಕ್ಕೆ ಹತ್ತಿ ಬಂದು, ಬರಿಗೊಡವನ್ನು ಬೋರಲು ಹಾಕಿ ಶಿಷ್ಯನ ಪಕ್ಕದಲ್ಲಿ ಕೂತ.

"ಬೆಳಗಾಗ್ಲಿ," ಎಂದ. "ಅವತ್ತ ನೀ ಇಷ್ಟು ಅಂದಿದ್ರ, ನಾ ಇಷ್ಟು ಕಾದಿದ್ರ, ಈ ಕೊಡ ಇವತ್ತ ಅಂವ ತುಂಬತಿದ್ದ."