ಮೆದೆ ಪಕ್ಕದ ಬೋಕಿ

ಇದನ್ನ ಯಾರ ಹತ್ರಾನೂ ಹೇಳಬಾರದು ಅಂತ ನಮ್ಮಜ್ಜಿ ಆಣೆ ಹಾಕಿಸ್ಕೊಂಡಿದ್ದಳು. ಇದರಲ್ಲಿ ಬರೋ ಅಂಗಡಿಯವನ ಮನೆತನದವರು ಈಗಲೂ ನ್ಯಾಯ ಹೇಳೋಕೆ ಕೂರ್ತಾರಂತೆ. ಅದಕ್ಕೇ ಹೇಳ್ತಿದೀನಿ.

ಕೆಂಚಪ್ಪ ಅನ್ನೋ ಶಿಷ್ಯ ಮರುದಿನ ಚಾವಡೀಲಿ ಪಂಚನಾಗಿ ಕೂರಬೇಕಿತ್ತು. ಗುರುಗಳನ್ನ ಕೇಳಿದ: "ಚಾವಡೀಲಿ ಕೇಳಿದ್ದನ್ನ ಬಿಟ್ಟು ಬೇರೇನೂ ಪಂಚರು ತಲೆಗೆ ಹಾಕ್ಕೋಬಾರದು ಅಂತಾರೆ. ನಾನೇ ಹೋಗಿ ಕಣ್ಣಾರೆ ನೋಡ್ಕೊಂಡು ಬಂದರೆ ಏನು ತಪ್ಪು?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ರೈತನ ಹುಲ್ಲಿನ ಮೆದೆ ಸುಟ್ಟುಹೋಯ್ತು. ಹಿಂದಿನ ವಾರ ಅವನ ಜೊತೆ ಜಗಳ ಆಡಿದ್ದ ಕುಂಬಾರನ ಮೇಲೆ ಅಪವಾದ ಬಂತು. ತಪ್ಪು ಅಂತಾದರೆ ಹೆಂಡತಿ ಮಕ್ಕಳ ಸಮೇತ ಊರು ಬಿಡಬೇಕು. ಐದು ಜನ ಪಂಚರು ಕೂತರು. ಅವರಲ್ಲೊಬ್ಬ ಅಂಗಡಿಯವನು. ಬುದ್ಧಿವಂತನಂತೆ, ಬುದ್ಧಿವಂತ. ಸಾಕ್ಷಿಗಳೆಲ್ಲ ಸುಳ್ಳು ಹೇಳೋರು, ನಿಜ ಹುಡುಕೋಕೆ ತಾನೇ ಆಗಬೇಕು ಅನ್ನಿಸ್ತು ಅವನಿಗೆ. ಮಧ್ಯಾಹ್ನ ಊಟಕ್ಕೆ ಎದ್ದಾಗ ಮೆದೆ ಸುಟ್ಟ ಜಾಗಕ್ಕೆ ಒಬ್ಬನೇ ಹೋದ. ಬೂದಿ ಪಕ್ಕ ಒಂದು ಬೋಕಿ ಬಿದ್ದಿತ್ತು, ಮಸಿ ಹಿಡಿದ ಮಡಕೆ ಚೂರು. ಕುಂಬಾರ ಮಡಕೆ ಸುಡೋ ಆವಿಗೇದೇ. ಸಿಕ್ಕಿಬಿದ್ದ ಮಗ, ಅಂದ್ಕೊಂಡ. ವಾಪಸ್ ಬರೋ ದಾರೀಲೇ ಉಳಿದ ನಾಲ್ವರ ಕಿವೀಲಿ ಊದಿದ.

ಚಾವಡೀಲಿ ಮಾತ್ರ ಬೋಕಿ ಸುದ್ದಿ ಯಾರೂ ಎತ್ತಲಿಲ್ಲ. ಕುಂಬಾರ ತನ್ನ ಮಾತು ಹೇಳ್ತಾನೇ ಇದ್ದ. ಯಾವಾಗ ಮುಗಿಸ್ತಾನೋ ಅಂತ ಐದೂ ಜನ ಆಕಳಿಸ್ತಾ ಕೂತಿದ್ದರು. ಆಮೇಲೆ ಊರು ಬಿಡು ಅಂದರು.

ಮೂರನೇ ದಿನ ರೈತನ ಹೆಂಡತಿ ಬೆಲ್ಲಕ್ಕೆ ಅಂತ ಅಂಗಡಿಗೆ ಬಂದಳು. ಅಂಗಡಿಯವನು ಬೋಕಿ ಸಿಕ್ಕಿದ್ದನ್ನ ಜಂಬದಿಂದ ಹೇಳಿದ.

"ಅದು ನಾನು ಬೀಳಿಸಿದ್ದು ಕಣಣ್ಣ," ಅಂದಳು ಅವಳು. "ಅವತ್ತು ಒಲೆಗೆ ಕೆಂಡ ಬೇಕಿತ್ತು, ಅವರ ಆವಿಗೆಯಿಂದ ತಂದೆ. ಊರ ಹೆಂಗಸರೆಲ್ಲ ಬೋಕೀಲೇ ಅಲ್ವಾ ತರೋದು? ಗಂಡಸರ ಜಗಳ ಗಂಡಸರಿಗೆ. ಕೈ ಸುಟ್ಟಿತು, ಬಿಟ್ಟುಬಿಟ್ಟೆ. ಕಾಲಲ್ಲಿ ಮಣ್ಣು ಎಳೆದಿದ್ದೆ, ಆರಿತು ಅಂದ್ಕೊಂಡೆ. ಚಾವಡೀಲಿ ಒಂದ್ಮಾತು ಕೇಳಿದ್ದರೆ…"

ಹೇಳ್ತಾ ಹೇಳ್ತಾ ಅವಳಿಗೇ ಹೊಳೀತು, ಮೆದೆಗೆ ಬೆಂಕಿ ಹತ್ತಿದ್ದು ತನ್ನ ಕೆಂಡದಿಂದಲೇ ಅಂತ.

ಅಂಗಡಿಯವನು ತಕ್ಕಡಿ ಹಾಗೇ ಬಿಟ್ಟು ಕುಂಬಾರನ ಮನೆಗೆ ಓಡಿದ. ಬಾಗಿಲಿಗೆ ಹೊರಗಿಂದ ಚಿಲಕ ಹಾಕಿತ್ತು, ಆದರೂ ತಟ್ಟಿದ. ತಪ್ಪಾಯ್ತು ಕಣಪ್ಪಾ ಅಂತ ಕೂಗಿದ. ಮತ್ತೆ ತಟ್ಟಿದ. ಕುಂಬಾರ ಹೆಂಡತಿ ಮಕ್ಕಳ ಸಮೇತ ಆಗಲೇ ಊರು ಬಿಟ್ಟಿದ್ದ.

ಗುರುಗಳು ಅಷ್ಟಕ್ಕೇ ನಿಲ್ಲಿಸಿದರು. ಅಂಗಡಿಯವನು ಕೊನೆಗಾದರೂ ತಪ್ಪು ಒಪ್ಕೊಂಡನಲ್ಲ ಗುರುಗಳೇ, ಅಂದ ಕೆಂಚಪ್ಪ.

"ಯಾರೆದುರಿಗೆ? ಆ ಚಿಲಕದ ಎದುರಿಗಾ?"