ದೀಪ ಹಚ್ಚಿದ ಮೇಲೆ ಉಪ್ಪು, ಬೆಂಕಿ

"ಹತ್ತು ಸೇರು ಜೋಳ ಕೊಟ್ಟು ನಾನು ಒಬ್ಬ ಗೆಳೆಯನನ್ನು ಕಳೆದುಕೊಂಡೆ, ಗುರುಗಳೇ. ಕೊಟ್ಟದ್ದರಲ್ಲಿ ನನ್ನ ತಪ್ಪೇನು?" ಎಂದು ಈರಭದ್ರನೆಂಬ ಶಿಷ್ಯ ಕೇಳಿದ.

ಗುರುಗಳು ಮಠಕ್ಕೆ ಬರುವ ಮೊದಲು ಇಪ್ಪತ್ತು ವರ್ಷ ತಕ್ಕಡಿ ಹಿಡಿದವರು. ಮಾಲನ್ನು ಪೂರ್ತಿ ಬಿಚ್ಚಿ ನೋಡದೆ ಬೆಲೆ ಹೇಳುವ ಅಭ್ಯಾಸ ಅವರಿಗಿರಲಿಲ್ಲ. ಮುಂದೆ ಹೇಳು ಎಂಬಂತೆ ತಲೆಯಾಡಿಸಿದರು.

ಈರಭದ್ರ ಹೇಳಿದ್ದು ಇಷ್ಟು. ಅವನ ನೆರೆಯ ದ್ಯಾಮಣ್ಣ ಚಿಕ್ಕಂದಿನಿಂದ ಜೊತೆಯಲ್ಲಿ ಆಡಿ ಬೆಳೆದವನು. ಹೋದ ವರ್ಷ ದ್ಯಾಮಣ್ಣನ ಮನೆಯಲ್ಲಿ ಕಾಳು ಮುಗಿದಿದೆ ಎಂದು ಕಿವಿಗೆ ಬಿದ್ದಾಗ ಈರಭದ್ರ ತಾನಾಗಿಯೇ ಆಳಿನ ತಲೆಯ ಮೇಲೆ ಜೋಳ ಹೊರಿಸಿ ಕಳಿಸಿದ್ದ. ತಿರುಗಿ ಕೊಡಬೇಕಾಗಿಲ್ಲ ಎಂದೂ ಹೇಳಿಕಳಿಸಿದ್ದ. ಅಂದಿನಿಂದ ದ್ಯಾಮಣ್ಣ ಕೆರೆಯ ಏರಿಯ ಮೇಲೆ ಎದುರಾದರೆ ಏರಿ ಬಿಟ್ಟು ಹೊಲದೊಳಗೆ ಇಳಿದು ಹೋಗುತ್ತಾನೆ. ಮಗಳ ಮದುವೆಗೂ ಕರೆಯಲಿಲ್ಲ.

ಗುರುಗಳು ತಪ್ಪು ಯಾರದೆಂದು ಹೇಳಲಿಲ್ಲ. ಈ ಕತೆ ಹೇಳಿದರು.

ಒಬ್ಬ ಉಪ್ಪಿನ ವ್ಯಾಪಾರಿಯಿದ್ದ. ಒಂದು ಎತ್ತಿನ ಮೇಲೆ ಎರಡು ಮೂಟೆ ಉಪ್ಪು ಹೇರಿಕೊಂಡು ಊರೂರು ತಿರುಗುತ್ತಿದ್ದ. ಮೂವತ್ತು ವರ್ಷದಲ್ಲಿ ಅವನು ಸೂರಿನ ಕೆಳಗೆ ಮಲಗಿದ್ದಕ್ಕಿಂತ ಬಯಲಲ್ಲಿ ಮಲಗಿದ್ದೇ ಹೆಚ್ಚು. ಬಯಲಲ್ಲಿ ಬೀಡು ಬಿಡುವುದಕ್ಕೆ ಅವನದೊಂದು ಕ್ರಮವಿತ್ತು. ಮೊದಲು ಎತ್ತಿನ ಹೊರೆ ಇಳಿಸಬೇಕು. ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ನೋಡಬೇಕು. ಬೆಳಕಿರುವಾಗಲೇ ಸೌದೆ ಕೂಡಿಸಬೇಕು, ಏಕೆಂದರೆ ಹೊತ್ತು ಮುಳುಗಿದ ಮೇಲೆ ಆರಿಸಿದ ಸೌದೆಯಲ್ಲಿ ಅರ್ಧ ಹಸಿ ಇರುತ್ತದೆ. ಮೂರು ಕಲ್ಲು ಹುಡುಕುವುದು ಕೊನೆಗೆ. ಅಡುಗೆ ತನ್ನ ಗಡಿಗೆಯಲ್ಲಿ, ತನ್ನೊಬ್ಬನಿಗೆ. ಬೇರೆಯವರ ಒಲೆಯ ಹತ್ತಿರ ಅವನು ಹೋಗುತ್ತಿರಲಿಲ್ಲ, ಬೇರೆಯವರನ್ನು ತನ್ನ ಒಲೆಗೆ ಕರೆಯುತ್ತಲೂ ಇರಲಿಲ್ಲ. ಅದರಲ್ಲಿ ಸೊಕ್ಕೇನೂ ಇರಲಿಲ್ಲ. ದಾರಿಯಲ್ಲಿ ಬದುಕುವವನು ಯಾರ ಹಂಗನ್ನೂ ಇಟ್ಟುಕೊಳ್ಳಬಾರದು ಎಂಬ ಎಚ್ಚರ, ಅಷ್ಟೆ.

ಪುಷ್ಯ ಮಾಸದ ಒಂದು ಸಂಜೆ ಹಳ್ಳ ದಾಟುವಾಗ ಎತ್ತು ನಡುನೀರಿನಲ್ಲಿ ಕಾಲು ಜಾರಿ ಮುಗ್ಗರಿಸಿತು. ಮೂಟೆ ನೀರು ಮುಟ್ಟುವ ಮೊದಲೇ ವ್ಯಾಪಾರಿ ಹೆಗಲು ಕೊಟ್ಟ. ಸೊಂಟ ಮುಳುಗುವ ನೀರಿನಲ್ಲಿ ಒಂದಾದ ಮೇಲೊಂದು ಎರಡೂ ಮೂಟೆ ಹೊತ್ತು ದಡ ಸೇರಿಸಿದ, ಆಮೇಲೆ ಎತ್ತನ್ನು ಹಿಡಿದು ನಡೆಸಿ ತಂದ. ಒಂದು ಹರಳು ಉಪ್ಪೂ ಕರಗಲಿಲ್ಲ. ಮೂಟೆಗಳನ್ನು ತಟ್ಟಿ ನೋಡಿ ಸಮಾಧಾನಪಟ್ಟ. ಆಮೇಲೆ ಸೊಂಟದ ಚೀಲಕ್ಕೆ ಕೈ ಹಾಕಿದ. ಚಕಮಕಿ ಕಲ್ಲಿತ್ತು. ಕಿಡಿ ಹಿಡಿಯಬೇಕಾದ ಹತ್ತಿ ಹಿಂಡಿದರೆ ನೀರಿಳಿಯುತ್ತಿತ್ತು. ಉಪ್ಪಿನ ಬೆಲೆಯನ್ನು ಮೂವತ್ತು ವರ್ಷದಿಂದ ಬಲ್ಲವನಿಗೆ ಒಂದು ಚಿಟಿಕೆ ಒಣ ಹತ್ತಿಯ ಬೆಲೆ ಅಂದು ತಿಳಿಯಿತು.

ಮುಂದಿನ ಊರು ಮೂರು ಹರದಾರಿ. ಉಟ್ಟ ಪಂಚೆ ಒದ್ದೆ, ಹೊದೆಯುವ ದುಪ್ಪಟಿ ಒದ್ದೆ. ಎತ್ತಿನ ಮೈ ಅಲ್ಲಲ್ಲಿ ಅದುರುತ್ತಿತ್ತು. ಆದರೂ ಅವನು ಕ್ರಮ ಬಿಡಲಿಲ್ಲ. ಜಾಲಿಯ ಒಣ ಕೊಂಬೆ, ಹೊಲದ ಬದುವಿನಲ್ಲಿ ಬಿದ್ದಿದ್ದ ತೊಗರಿ ಕಟ್ಟಿಗೆ, ಒಣಗಿ ಹಗುರಾಗಿದ್ದ ಸಗಣಿ, ಎಲ್ಲವನ್ನೂ ಕೂಡಿಸಿ ರಾಶಿ ಹಾಕಿದ. ಮೂರು ಕಲ್ಲಿಟ್ಟ. ಗಡಿಗೆಗೆ ಜೋಳದ ನುಚ್ಚು ಸುರಿದ. ನುಚ್ಚು ಹಳ್ಳದಲ್ಲಿಯೇ ನೆನೆದು ಬೇಯಲು ತಯಾರಾಗಿತ್ತು. ಬೆಂಕಿಯೊಂದೇ ಬಾಕಿ. ಕಲ್ಲಿಗೆ ಕಬ್ಬಿಣ ಬಡಿದ. ಕಿಡಿಗಳೇನೋ ಹಾರಿದವು, ಹತ್ತಿಯ ಮೇಲೆ ಬಿದ್ದು ಸತ್ತವು. ಬೆರಳು ಮರಗಟ್ಟುವ ತನಕ ಬಡಿದ.

ಆಗ ನಲವತ್ತು ಹೆಜ್ಜೆ ಆಚೆ ಬಂಡೆಯ ಮರೆಯಿಂದ ಹೊಗೆ ಏಳುವುದು ಕಂಡಿತು. ಅಲ್ಲಿ ಕುರಿ ಕಾಯುವ ಮುದುಕಿಯೊಬ್ಬಳಿದ್ದಳು. ಅವಳ ಮಕ್ಕಳು ಮಂದೆ ಹೊಡೆದುಕೊಂಡು ಮೇವಿರುವ ಕಡೆಗೆ ಮುಂದೆ ಹೋಗಿದ್ದರು. ಒಂದು ಕುರಿ ಇವತ್ತೋ ನಾಳೆಯೋ ಮರಿ ಹಾಕುವಂತಿದ್ದುದರಿಂದ ಅವಳು ಅದರ ಜೊತೆ ಹಿಂದೆ ಉಳಿದಿದ್ದಳು. ವ್ಯಾಪಾರಿ ಮಡಕೆಯ ಚೂರೊಂದನ್ನು ಹಿಡಿದು ಹೋಗಿ ಒಂದು ಕೆಂಡ ಕೇಳಿದ.

ಮುದುಕಿ ಬಂಡೆಯ ಸಂದಿಯ ಕಡೆ ಕೈ ತೋರಿಸಿದಳು. ಅಲ್ಲೊಂದು ಸಣ್ಣ ಹಣತೆ ಉರಿಯುತ್ತಿತ್ತು.

"ದೀಪ ಹಚ್ಚಿ ಆಯಿತಪ್ಪಾ. ಇನ್ನು ಹೊತ್ತು ಮೂಡುವ ತನಕ ಬೆಂಕಿ ನನ್ನ ಒಲೆ ಬಿಟ್ಟು ಹೊರಗೆ ಹೋಗುವುದಿಲ್ಲ. ಹೋದರೆ ಮಂದೆಯ ಏಳಿಗೆಯೂ ಅದರ ಹಿಂದೆಯೇ ಹೋಗುತ್ತದೆ."

ವ್ಯಾಪಾರಿ ವಾದ ಹೂಡಲಿಲ್ಲ. ಅವನದೂ ಅಂಥದೇ ಕಟ್ಟಳೆ. ದೀಪ ಹಚ್ಚಿದ ಮೇಲೆ ಅವನು ಹೆತ್ತ ತಾಯಿಯ ಕೈಗೂ ಉಪ್ಪು ಹಾಕುತ್ತಿರಲಿಲ್ಲ. ಆ ಹೊತ್ತಿನಲ್ಲಿ ಉಪ್ಪು ಕೈ ಬಿಟ್ಟರೆ ಲಕ್ಷ್ಮಿಯೂ ಕೈ ಬಿಡುತ್ತಾಳೆ ಎಂದು ಅವನ ಅಪ್ಪ ಹೇಳಿಕೊಟ್ಟಿದ್ದ. ಆದರೂ ವ್ಯಾಪಾರದ ನಾಲಗೆ ಸುಮ್ಮನಿರದು. ಒಂದು ಕೆಂಡಕ್ಕೆ ಬದಲು ಬೆಳಿಗ್ಗೆ ಒಂದು ಸೇರು ಉಪ್ಪು ಅಳೆದು ಕೊಡುತ್ತೇನೆ ಎಂದ. ಮುದುಕಿ ನಕ್ಕಳು. ಬೆಂಕಿಗೆ ಬೆಲೆ ಕಟ್ಟುವವನನ್ನು ಇಷ್ಟು ವಯಸ್ಸಿಗೆ ಇವತ್ತು ಕಂಡೆ, ನಾಳೆ ಗಾಳಿಯನ್ನೂ ಸೇರಿನಲ್ಲಿ ಅಳೆಯುತ್ತೀಯೇನೋ ಎಂದಳು.

ಒಲೆಯ ಹತ್ತಿರ ಕೂರಲೇ ಎಂದು ಅವನು ಕೇಳಲಿಲ್ಲ. ಕೆಂಡಕ್ಕಾದರೆ ಬದಲು ಏನಾದರೂ ಕೊಡಬಹುದು, ಕೂರುವುದಕ್ಕೆ ಏನು ಕೊಡುವುದು? ಕೂತು ಹೋಗು ಎಂದು ಅವಳೂ ಹೇಳಲಿಲ್ಲ. ಸೇರು ಪಾವಿನ ಮಾತಾಡಿದವನನ್ನು ಹೇಗೆ ಕರೆಯುವುದೆಂದು ಅವಳಿಗೆ ತೋಚಲಿಲ್ಲ. ಅವನು ಖಾಲಿ ಚೂರು ಹಿಡಿದು ಹಿಂದಿರುಗಿದ. ಎತ್ತಿನ ಹೊಟ್ಟೆಗೆ ಬೆನ್ನು ಒರಗಿಸಿ, ಮೊಣಕಾಲು ಅಪ್ಪಿಕೊಂಡು, ಹೊತ್ತಿಸದ ಸೌದೆಯ ಮುಂದೆ ಕೂತ.

ಸ್ವಲ್ಪ ಹೊತ್ತಿಗೆಲ್ಲ ಕುರಿ ಮರಿ ಹಾಕಿತು. ಅದಕ್ಕದು ಚೊಚ್ಚಲು. ಮರಿಯನ್ನು ಒಮ್ಮೆ ಮೂಸಿ ಮುಖ ತಿರುಗಿಸಿತು. ಮರಿ ತೆವಳಿ ಹತ್ತಿರ ಬಂದರೆ ತಲೆಯಿಂದ ದೂಡಿತು. ತಾಯಿ ನೆಕ್ಕದ ಮರಿಯ ಮೈ ಒಣಗುವುದಿಲ್ಲ. ನೆಕ್ಕದ ತಾಯಿ ಹಾಲು ಕುಡಿಸುವುದೂ ಇಲ್ಲ. ಅಂಥ ಚಳಿಯಲ್ಲಿ ಮರಿ ಬೆಳಗು ಕಾಣುವುದು ಕಷ್ಟ. ಮುದುಕಿ ಸೆರಗಿನಿಂದ ಒರೆಸಿದಳು, ಒಲೆಯ ಹತ್ತಿರ ಮಲಗಿಸಿದಳು. ಮೈ ಒಂದಿಷ್ಟು ಒಣಗಿತು, ತಾಯಿಯ ಮನಸ್ಸು ತಿರುಗಲಿಲ್ಲ. ಅದಕ್ಕೆ ಕುರಿಯವರಿಗೆ ಗೊತ್ತಿರುವ ದಾರಿ ಒಂದೇ. ಮರಿಯ ಮೈಗೆ ಉಪ್ಪು ಸವರಬೇಕು. ಉಪ್ಪಿನ ಆಸೆಗೆ ತಾಯಿ ನೆಕ್ಕುತ್ತದೆ, ನೆಕ್ಕುತ್ತ ನೆಕ್ಕುತ್ತ ಮರಿ ತನ್ನದು ಎನಿಸುತ್ತದೆ. ಮುದುಕಿಯ ಉಪ್ಪಿನ ಗಂಟು ಮಕ್ಕಳ ಹೊರೆಯಲ್ಲಿ ಹೋಗಿತ್ತು.

ಅವಳು ಎದ್ದು ಬಂದಳು. ಆ ನಲವತ್ತು ಹೆಜ್ಜೆಗೆ ಅವಳು ತೆಗೆದುಕೊಂಡ ಹೊತ್ತಿನಲ್ಲಿ ನಾನೂರು ಹೆಜ್ಜೆ ನಡೆಯಬಹುದಿತ್ತು. ತಾನೇ ಇಲ್ಲವೆಂದು ಕಳಿಸಿದವನ ಹತ್ತಿರ ಕೇಳಲು ಹೋಗುವಾಗ ಯಾರ ಕಾಲೂ ಬೇಗ ಏಳುವುದಿಲ್ಲ. ಬಂದು ನಿಂತು, ಮರಿಯ ಸಂಗತಿ ಹೇಳಿ, ಒಂದು ಹಿಡಿ ಉಪ್ಪು ಕೇಳಿದಳು.

ವ್ಯಾಪಾರಿಯ ತಲೆಯೊಳಗೆ ತಕ್ಕಡಿ ಒಮ್ಮೆ ತೂಗಿತು. ಗಿರಾಕಿ ತಾನಾಗಿ ಬಂದು ನಿಂತಿದ್ದಾಳೆ, ಈಗ ಕೆಂಡದ ಮಾತೆತ್ತಿದರೆ ಒಪ್ಪಿಯೇ ಒಪ್ಪುತ್ತಾಳೆ ಎಂದು ಹೊಳೆಯಿತು. ಆದರೆ ಅವಳ ಸೆರಗು ಅವನ ಪಂಚೆಯಷ್ಟೇ ಒದ್ದೆಯಾಗಿತ್ತು. ಅವಳೂ ನಡುಗುತ್ತಿದ್ದಳು. ಅವನು ಕೆಂಡದ ಮಾತೆತ್ತಲಿಲ್ಲ.

"ಅವ್ವಾ, ದೀಪ ಹಚ್ಚಿದ ಮೇಲೆ ನಾನೂ ಉಪ್ಪು ಕೊಡುವ ಹಾಗಿಲ್ಲ," ಎಂದ.

ಅದು ಸೇಡಿನ ಮಾತಲ್ಲ ಎಂದು ಮುದುಕಿಗೆ ದನಿಯಲ್ಲೇ ತಿಳಿಯಿತು.

"ನೀನೆಲ್ಲಿ ದೀಪ ಹಚ್ಚಿದೆಯೋ? ನಿನ್ನ ಹತ್ತಿರ ಬೆಂಕಿಯೇ ಇಲ್ಲವಲ್ಲ," ಎಂದಳು.

"ನೀನು ಹಚ್ಚಿದ್ದನ್ನು ನಾನು ಕಂಡೆನಲ್ಲ. ಕಂಡದ್ದನ್ನು ಕಾಣಲಿಲ್ಲ ಎನ್ನಲೇ?"

ಇಬ್ಬರಿಗೂ ನಗು ಬಂತು. ಚಳಿ ಮಾತ್ರ ಹಾಗೆಯೇ ಇತ್ತು. ಬಂಡೆಯ ಮರೆಯಿಂದ ಮರಿಯ ಕೂಗು ಕೇಳಿಸಿತು. ಮೊದಲಿನಷ್ಟು ಗಟ್ಟಿಯಾಗಿರಲಿಲ್ಲ.

ಬೆಲೆ ಕುದುರದಿದ್ದಾಗ ಬೆಲೆಯನ್ನು ಬಿಟ್ಟು ಕರಾರನ್ನೇ ತಿರುವಿ ನೋಡುವುದು ಅವನ ಕಸುಬಿನ ರೂಢಿ. ಈಗಲೂ ಹಾಗೆಯೇ ನೋಡಿದ.

"ನಿನ್ನ ಬೆಂಕಿ ಒಲೆ ಬಿಟ್ಟು ಹೊರಗೆ ಹೋಗಬಾರದು, ಸರಿ. ಒದ್ದೆ ಮನುಷ್ಯ ಆ ಒಲೆಯ ಹತ್ತಿರ ಬರಬಾರದು ಎಂದಿದೆಯೇ?"

"ಹಾಗೆಂದು ನಮ್ಮ ಹಿರಿಯರು ಯಾರೂ ಹೇಳಿಲ್ಲ."

"ನನ್ನ ಉಪ್ಪು ಇನ್ನೊಬ್ಬರ ಕೈ ಸೇರಬಾರದು. ಕುರಿಮರಿಗೆ ಕೈ ಎಲ್ಲಿದೆ?"

ಮುದುಕಿ ಬಾ ಎಂದು ಕೈ ಮಾಡಿದಳು. ತಿರುಗಿ ನಡೆದಳು. ಈ ಸಲ ಕಾಲು ಬೇಗ ಬೇಗ ಎದ್ದವು.

ವ್ಯಾಪಾರಿ ಮೂಟೆಯ ಬಾಯಿ ಬಿಚ್ಚಿ ಮುಷ್ಟಿ ತುಂಬ ಉಪ್ಪು ತೆಗೆದುಕೊಂಡು ಹಿಂದೆಯೇ ಹೋದ. ಮುದುಕಿ ಮರಿಯನ್ನು ಹಿಡಿದಳು, ಅವನು ತನ್ನ ಕೈಯಿಂದಲೇ ಅದರ ಬೆನ್ನಿಗೆ, ಹೊಟ್ಟೆಗೆ, ಕಿವಿಯ ಹಿಂದೆ ಉಪ್ಪು ಸವರಿದ. ಚಳಿಗೆ ಒಡೆದಿದ್ದ ಅಂಗೈ ಚುರುಚುರು ಎಂದಿತು. ತಾಯಿ ಕುರಿ ದೂರದಲ್ಲಿ ನಿಂತು ಮೂಗು ಅರಳಿಸಿತು. ಒಂದು ಹೆಜ್ಜೆ ಬಂತು, ಇನ್ನೊಂದು ಬಂತು. ಮೊದಲು ವ್ಯಾಪಾರಿಯ ಬೆರಳು ನೆಕ್ಕಿತು. ಅವನು ಬೆರಳನ್ನು ಮೆಲ್ಲಗೆ ಮರಿಯ ಬೆನ್ನಿನ ಮೇಲೆ ತಂದ. ಕುರಿಯ ನಾಲಗೆ ಬೆರಳಿನ ಹಿಂದೆಯೇ ಬಂತು. ಅವನು ಬೆರಳು ತೆಗೆದ. ನಾಲಗೆ ಅಲ್ಲೇ ಉಳಿಯಿತು.

ಮುದುಕಿಯ ಒಲೆಯಲ್ಲಿ ಸೌದೆ ಒಬ್ಬರಿಗಾಗುವಷ್ಟೇ ಇತ್ತು. ವ್ಯಾಪಾರಿ ತನ್ನ ರಾಶಿಯನ್ನು ಎರಡು ಸಲ ಹೊತ್ತು ತಂದ, ಎತ್ತನ್ನೂ ತಂದು ಬಂಡೆಗೆ ಒತ್ತಿ ನಿಲ್ಲಿಸಿದ. ಬೆಂಕಿ ಜೋಡಿಸುವ ವಿಷಯದಲ್ಲಿ ಇಬ್ಬರಿಗೂ ಒಮ್ಮತವಾಗಲಿಲ್ಲ. ಜಾಲಿ ಕೊಂಬೆಯನ್ನು ಮೊದಲೇ ಇಡಬೇಕೆಂದು ಅವನು, ಹಾಗೆ ಇಟ್ಟರೆ ಹೊಗೆಯನ್ನೇ ಉಣ್ಣಬೇಕಾಗುತ್ತದೆ ಎಂದು ಅವಳು. ಉಪ್ಪು ಮಾರುವವನಿಗೆ ಒಲೆಯ ಸಂಗತಿ ಏನು ಗೊತ್ತು ಎಂದಳು. ಮೂವತ್ತು ವರ್ಷ ನನ್ನ ಅನ್ನ ಬೇಯಿಸಿದವರು ಯಾರೆಂದುಕೊಂಡೆ ನೀನು ಎಂದ. ಕೊನೆಗೆ ಉರಿ ಏಳುವುದಕ್ಕೆ ತೊಗರಿ ಕಟ್ಟಿಗೆ, ಕೆಂಡಕ್ಕೆ ಜಾಲಿ, ಬೆಳಗಿನ ತನಕ ಶಾಖ ಹಿಡಿಯುವುದಕ್ಕೆ ಸಗಣಿ ಎಂದು ಒಪ್ಪಂದವಾಯಿತು.

ಅವನ ಗಡಿಗೆ ಅವಳ ಒಲೆಯ ಮೇಲೆ ಕೂತಿತು. ನುಚ್ಚು ಕುದಿಯಿತು. ಅವಳು ಒಂದು ಕುಡಿಕೆ ಮಜ್ಜಿಗೆ ಹೊಯ್ದಳು. ಉಪ್ಪು ಹಾಕುವಾಗ ವ್ಯಾಪಾರಿ ಒಂದು ಗಳಿಗೆ ಕೈ ತಡೆದ. ಗಡಿಗೆಗೂ ಕೈಯಿಲ್ಲ ಎಂದು ಮುದುಕಿಯೇ ನೆನಪು ಮಾಡಿದಳು. ಆಮೇಲೆ ತನ್ನ ಹೆಗಲ ಮೇಲಿನ ಕಂಬಳಿ ತೆಗೆದು ಅವನ ಮೇಲೆ ಹಾಕಿದಳು. ಅವನು ಬೇಡವೆಂದು ಬಾಯಿ ತೆರೆಯುವಷ್ಟರಲ್ಲಿ, ಕಂಬಳಿಗೆ ಯಾವ ಕಟ್ಟಳೆಯೂ ಇಲ್ಲ, ಪಂಚೆ ಒಣಗುವ ತನಕ ಹೊದ್ದುಕೋ, ನನಗೆ ಒಲೆ ಹತ್ತಿರವಿದೆ ಎಂದಳು.

ಅವನು ತನ್ನ ತಂಬಿಗೆಯಲ್ಲಿ, ಅವಳು ತನ್ನ ಬಟ್ಟಲಲ್ಲಿ ಬಿಸಿ ಗಂಜಿ ಕುಡಿದರು. ವ್ಯಾಪಾರಿ ಮೂವತ್ತು ವರ್ಷದಲ್ಲಿ ಮೊದಲ ಸಲ ಬೇರೆಯವರ ಒಲೆಯ ಮುಂದೆ ಉಂಡ. ಉಣ್ಣುತ್ತ ಯೋಚಿಸಿದ. ಬೆಂಕಿ ಅವಳದು, ಸೌದೆ ತನ್ನದು. ಗಡಿಗೆ ತನ್ನದು, ಮಜ್ಜಿಗೆ ಅವಳದು. ಇದು ಯಾರ ಒಲೆ ಎಂದು ಅವನಿಗೆ ಬಗೆಹರಿಯಲಿಲ್ಲ. ಬಗೆಹರಿಸಬೇಕೆಂದೂ ಆಮೇಲೆ ಅನ್ನಿಸಲಿಲ್ಲ.

ಹೊತ್ತು ಮೂಡಿತು. ಮರಿ ತಾಯಿಯ ಕೆಚ್ಚಲಿಗೆ ಬಾಯಿ ಹಾಕಿ ಬಾಲ ಅಲ್ಲಾಡಿಸುತ್ತಿತ್ತು. ಒಲೆಯ ಪಕ್ಕದಲ್ಲಿಟ್ಟಿದ್ದ ಹತ್ತಿ ಗರಿಗರಿಯಾಗಿ ಒಣಗಿತ್ತು. ಈಗ ಯಾರು ಯಾರಿಗೆ ಏನು ಬೇಕಾದರೂ ಕೊಡಬಹುದಿತ್ತು. ವ್ಯಾಪಾರಿ ಮೂಟೆ ಬಿಚ್ಚಿ ಸೇರು ತುಂಬಿ ಮೇಲೆ ರಾಶಿಯಾಗುವಂತೆ ಉಪ್ಪು ಹಾಕಿದ. ತಿರುಗಿ ನೋಡಿದರೆ ಮುದುಕಿ ನಿನ್ನೆಯ ಮಡಕೆ ಚೂರಿನಲ್ಲಿ ಅವನಿಗೆಂದು ಕೆಂಡ ತುಂಬುತ್ತಿದ್ದಳು. ಇಬ್ಬರೂ ಒಬ್ಬರ ಕೈಯನ್ನೊಬ್ಬರು ನೋಡಿದರು. ಅಳೆದು ಕೊಟ್ಟರೆ ನಿನ್ನೆಯ ಸಂಜೆಗೆ ಬೆಲೆ ಕಟ್ಟಿದಂತಾಗುತ್ತದೆ ಎಂದು ವ್ಯಾಪಾರಿಗೆ ಹೊಳೆಯಿತು. ಉಪ್ಪನ್ನು ಮೂಟೆಗೇ ಸುರಿದು ಬಾಯಿ ಕಟ್ಟಿದ. ಮುದುಕಿಯೂ ಕೆಂಡವನ್ನು ಒಲೆಗೇ ಹಾಕಿದಳು. ಬರುವ ಪುಷ್ಯಕ್ಕೆ ಇದೇ ಬಂಡೆಯ ಹತ್ತಿರ ಇರುತ್ತೀಯಾ ಎಂದು ಅವನು ಕೇಳಿದ. ನೀನು ನುಚ್ಚು ತಂದರೆ ಮಜ್ಜಿಗೆ ಇರುತ್ತದೆ ಎಂದು ಅವಳು ಹೇಳಿದಳು.

ಮಾರನೆಯ ವರ್ಷ ಅವನ ವ್ಯಾಪಾರದ ದಾರಿ ಬೇರೆಯಾಗಿತ್ತು. ಎರಡು ಹರದಾರಿ ಸುತ್ತು ಬಿದ್ದರೂ ಆ ಬಂಡೆಯ ದಾರಿಯಲ್ಲೇ ಬಂದ. ಅದರ ಮಾರನೆಯ ವರ್ಷವೂ ಬಂದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಈರಭದ್ರ ಬಹಳ ಹೊತ್ತು ಮನಸ್ಸಿನಲ್ಲಿಯೇ ಕೂಡಿ ಕಳೆದು ನೋಡಿದ. ಕೊಟ್ಟವರು ಯಾರು, ಪಡೆದವರು ಯಾರು ಎಂಬುದು ಅವನಿಗೆ ಕೂಡಿಬರಲಿಲ್ಲ. ಅದನ್ನೇ ಕೇಳಿದ.

ಗುರುಗಳು ಬೆರಳು ಮಡಚಿ ಹೇಳಿದರು. ಹೋದದ್ದು ಒಂದು ಹಿಡಿ ಉಪ್ಪು, ಒಂದು ಹೊರೆ ಸೌದೆ, ಒಂದು ಕುಡಿಕೆ ಮಜ್ಜಿಗೆ. ಉಳಿದದ್ದು ಒಂದು ಕುರಿಮರಿ, ಒಬ್ಬ ಮನುಷ್ಯ, ಒಂದು ಎತ್ತು, ಮತ್ತು ವರ್ಷ ವರ್ಷವೂ ತಿರುಗಿ ಬರುವ ಒಂದು ದಾರಿ.

"ನಾನೂ ಕೊಟ್ಟೆನಲ್ಲ, ಗುರುಗಳೇ. ಅವರಿಗಿಂತ ಹೆಚ್ಚೇ ಕೊಟ್ಟೆ," ಎಂದ ಈರಭದ್ರ.

"ಆ ಜೋಳದ ರೊಟ್ಟಿಯಲ್ಲಿ ಒಂದು ತುಂಡನ್ನು ದ್ಯಾಮಣ್ಣನ ಒಲೆಯ ಮುಂದೆ ಕೂತು ನೀನು ತಿಂದೆಯಾ?" ಎಂದರು ಗುರುಗಳು.