ಒಬ್ಬರಿಗಾಗಿ ಎಸಿ

ರಾಯಚೂರಿನ ಬೇಸಿಗೆ. ಮೇಜು ಮುಟ್ಟಿದರೂ ಕೈ ಸುಡುತ್ತಿತ್ತು. ಅಲ್ಲಿನ ಕಚೇರಿಯೊಂದಕ್ಕೆ ಹೊಸದಾಗಿ ಬಂದ ಹಂಚಿನಾಳ ಸಾಹೇಬರು ಕಟ್ಟಡದ ಕರೆಂಟು ಉಳಿಸುವ ಪಣ ತೊಟ್ಟರು.

"ಒಬ್ಬರ ಸಲುವಾಗಿ ಇಲ್ಲಿ ಫ್ಯಾನು, ದೀಪ ಏನೂ ನಡೀಬಾರದು. ಎಲ್ಲಾರೂ ಒಂದೇ ಕಡೆ ಕೂಡ್ರಲಿ. ತಪ್ಪಿದರ ನಿನಗ ವರ್ಗ" ಎಂದು ಜವಾನನಿಗೆ ತಾಕೀತು ಮಾಡಿದರು. ಆಮೇಲೆ ತಮ್ಮ ಕೋಣೆಗೆ ಹೋಗಿ, ಎಸಿ ಹಾಕಿಕೊಂಡು ಬಾಗಿಲು ಮುಚ್ಚಿದರು.

ಹೊರಗೆ ಒಂದೇ ಫ್ಯಾನಿನ ಕೆಳಗೆ ಕಚೇರಿಯೆಲ್ಲ ಒತ್ತೊತ್ತಾಗಿ ಕೂತಿತು. ಟೈಪಿಸ್ಟ್ ಶಾಂತಾಬಾಯಿಗೆ ತಲೆ ಸುತ್ತಿ ಬಂತು. ಜವಾನನಿಗೆ ತಡೆಯಲಾಗಲಿಲ್ಲ.

ಮರುದಿನ ಸಾಹೇಬರು ಎಸಿ ಹಾಕಿದ್ದೇ ತಡ, ಜವಾನ ಬಾಗಿಲು ತೆರೆದು ಎಲ್ಲರನ್ನೂ ಕುರ್ಚಿ ಸಮೇತ ಒಳಗೆ ಕಳಿಸಿದ.

"ಏನಿದು?"

"ನೀವೊಬ್ಬರೇ ಇದ್ರಿ ಸಾಹೇಬ್ರ. ನಿಮ್ಮ ಹುಕುಮಿನ ಪ್ರಕಾರ ಎಸಿ ಬಂದ್ ಮಾಡಬೇಕಾಗ್ತಿತ್ತು. ಅದಕ್ಕ ಮಂದಿ ಕೂಡಿಸೀನ್ರಿ."

ಹುಕುಮು ತಮ್ಮದೇ. ಸಾಹೇಬರು ಕುರ್ಚಿ ಹಿಂದೆ ಸರಿಸಿ ಜಾಗ ಬಿಟ್ಟರು. ಮಧ್ಯಾಹ್ನ ಎಲ್ಲರ ಬುತ್ತಿಯೂ ಅಲ್ಲೇ ಬಿಚ್ಚಿಕೊಂಡಿತು. ಬೆಳ್ಳುಳ್ಳಿ ಖಾರದ ಘಾಟಿಗೆ ಸಾಹೇಬರು ಕರವಸ್ತ್ರ ಮೂಗಿನಿಂದ ಇಳಿಸಲಿಲ್ಲ. ಶಾಂತಾಬಾಯಿ ಅವರಿಗೂ ಅರ್ಧ ರೊಟ್ಟಿ ಕೊಟ್ಟರು.

ಸಂಜೆ ಹೊಸ ಹುಕುಮು ಬಂತು. ಎಲ್ಲರೂ ಅವರವರ ಜಾಗಕ್ಕೆ ಹೋಗಲಿ, ಫ್ಯಾನು ಹಾಕಿಕೊಳ್ಳಲಿ, ಏಳುವಾಗ ಆರಿಸಿದರೆ ಸಾಕು. ಕಚೇರಿ ಉಸಿರುಬಿಟ್ಟಿತು. ಹುಕುಮಿನಲ್ಲಿ ಎಸಿಯ ಮಾತು ಮಾತ್ರ ಇರಲಿಲ್ಲ.

ಮರುದಿನ ಬೆಳಿಗ್ಗೆ ಸಾಹೇಬರು ರಿಮೋಟು ಕೈಗೆತ್ತಿಕೊಂಡರು. ಬಾಗಿಲಲ್ಲಿ ಜವಾನನ ತಲೆ ಕಾಣಿಸಿತು.

"ಮಂದೀನ ಕರೀಲೇನ್ರಿ?"

ಸಾಹೇಬರು ರಿಮೋಟು ಕೆಳಗಿಟ್ಟರು. ಎದ್ದು ಹೋಗಿ, ಕಿಟಕಿಗೆ ಅಡ್ಡವಾಗಿದ್ದ ತಮ್ಮ ಸನ್ಮಾನ ಫಲಕಗಳ ಕಪಾಟಿಗೆ ಹೆಗಲು ಕೊಟ್ಟರು.

"ನೋಡ್ತಾ ನಿಂತೀಯಲ್ಲೋ, ಕೈ ಹಚ್ಚು. ಕಿಟಕಿ ತೆಗೀಬೇಕು."